ಹರಳೆಣ್ಣೆ ಶೀಸೆ

...ಇಟ್ಟುಬಿಡು ಆ ಗಂಟನ್ನ, ದೆಸೊಲೀನಾ. ಬಿಚ್ಚೋದೇನೂ ಬೇಡ. ಗಂಡ ಸತ್ತ ಮನೆಯೋರು ಬಣ್ಣದಂಗಡಿಗೆ ಯಾಕೆ ಬರ್ತಾರೆ ಅಂತ ಈ ಪ್ರೀಮೊಗೆ ಹೇಳಬೇಕಾ? ಸೂತಕಕ್ಕೆ ಇರೋ ಬಟ್ಟೆಗೆಲ್ಲ ಕಪ್ಪು ಬಣ್ಣ. ನಾಳೆ ಸಂಜೆಯೊಳಗೆ ಕೊಡ್ತೀನಿ. ನಿನ್ನ ನೋಡಿದ ತಕ್ಷಣ ನೀರು ಕಾಯೋಕಿಟ್ಟೆ.

ಯಾಕೆ ಆ ಹಗ್ಗದ ಕಡೆ ನೋಡ್ತೀಯ? ಹೌದು, ಕರಿ ಅಂಗಿಗಳು. ರೋಮ್‌ನಲ್ಲಿ ಕೂತು ದೇಶ ಆಳ್ತಿದಾನಲ್ಲ ಆ ಗದ್ದ ಮುಂದೆ ಮಾಡೋನು, ಅವನಿಗೆ ಜೈ ಅನ್ನೋರವು. ನಾನು ಬಣ್ಣ ಹಾಕ್ತೀನಿ, ಜೈ ಅನ್ನಲ್ಲ. ಬಣ್ಣ ನಿಲ್ಲದ ಹಾಗೆ ಬೇಕಂತಲೇ ಉಪ್ಪು ಕಮ್ಮಿ ಹಾಕ್ತೀನಿ. ಎರಡು ಸಲ ಬೆವೆತರೆ ಸಾಕು, ಕಂಕುಳೆಲ್ಲ ಮಸಿ. ನಗು ಬರಲಿಲ್ವಾ? ಹೋಗಲಿ ಬಿಡು.

ನಿನ್ನ ಬಟ್ಟೇನ ಅವರ ಹಂಡೆಗೆ ಹಾಕಲ್ಲ ಕಣಮ್ಮ. ಬೇರೆ ಹಂಡೆ ತಿಕ್ಕಿ ಇಟ್ಟಿದೀನಿ. ಬಂದು ಕೇಳಲಿ, ಇದು ನಿನ್ನ ಗಂಡ ಅಲ್ಚೀದೆಗೋಸ್ಕರ ಅಂತ ಮುಖಕ್ಕೇ ಹೇಳ್ತೀನಿ. ಹೋದ ವರ್ಷ ಮೇ ಒಂದಕ್ಕೆ ಸಕ್ಕರೆ ಕಾರ್ಖಾನೆ ಚಿಮಣಿ ಮೇಲೆ ಒಂದು ಕೆಂಪು ಬಾವುಟ ಕಟ್ಟಿದ. ಅಷ್ಟಕ್ಕೇ ಕೈದಿಗಳ ದ್ವೀಪಕ್ಕೆ ಸಾಗಿಸಿ, ಕೆಮ್ಮಿ ಕೆಮ್ಮಿ ಸಾಯೋಕೆ ಬಿಟ್ರು. ಕೂಲಿಕಾರರ ಹಬ್ಬ ರದ್ದು ಅಂದ್ರೆ ನಾವು ಮರೆತುಬಿಡ್ತೀವಾ?

ಹೌದು, ಬಾವುಟದ ಬಣ್ಣ ನಂದೇ. ಅಂಥ ಕೆಂಪು ಈ ಊರಲ್ಲಿ ಇನ್ಯಾರ ಕೈಲಿ ಬರುತ್ತೆ? ಅದಕ್ಕೇ ನೆಟ್ಟಗೆ ಇಲ್ಲಿಗೇ ಬಂದ್ರು, ಕರಿ ಅಂಗಿಯೋರು ಮೂರು ಜನ, ಹರಳೆಣ್ಣೆ ಶೀಸೆ ಹಿಡ್ಕೊಂಡು. ಯಾರಿಗೆ ಹಾಕಿಕೊಟ್ಟೆ ಅಂದ್ರು. ಮೂಗು ಹಿಡಿದು ಶೀಸೆ ಪೂರ್ತಿ ಕುಡಿಸಿದ್ರು... ಬಾಯಿ ಬಿಡಲಿಲ್ಲ ನಾನು. ಪೂರ್ತಿ ಶೀಸೆ. ಊರಿಗೆಲ್ಲ ಗೊತ್ತು.

ಹಾಗೆ ಯಾಕೆ ನೋಡ್ತೀಯ?

ಅಲ್ಲಾ, ನಿಮ್ಮ ಬೀದಿಯಲ್ಲೇ ಒಬ್ಬ ಬಣ್ಣದವನಿದಾನೆ. ಅವನ ಅಂಗಡಿ ದಾಟಿಕೊಂಡು ಇಷ್ಟು ದೂರ ಯಾಕೆ ಬಂದೆ? ಬೈಯೋದಿದ್ರೆ ಬೈದುಬಿಡು ತಾಯಿ. ಏನಾದ್ರೂ ಮಾತಾಡು.

...ಅರ್ಧ. ಅರ್ಧ ಶೀಸೆ, ದೆಸೊಲೀನಾ. ಅಷ್ಟಕ್ಕೇ ಅವನ ಹೆಸರು ಹೇಳಿಬಿಟ್ಟೆ. ಉಳಿದದ್ದನ್ನ ನೆಲಕ್ಕೆ ಸುರಿದು ನಗ್ತಾ ಹೋದ್ರು.

ಗಂಟು ಯಾಕೆ ಬಿಚ್ತಿದೀಯ? ಇದೇನು... ಬಿಳಿ ದುಪ್ಪಟಿ? ನಿನ್ನ ಲಂಗ, ಶಾಲು ಎಲ್ಲಿ? ಮಂಚದ ದುಪ್ಪಟಿ ತಂದಿದೀಯಲ್ಲ...

ಓ... ನಾಡಿದ್ದು ಮೇ ಒಂದು.

ಕಪ್ಪಲ್ವಾ, ಹಾಗಾದ್ರೆ? ಬಾವುಟಕ್ಕಾ?

...ಬೇಡ, ಬಾಗಿಲು ಹಾಕಬೇಡ. ತೆರೆದೇ ಇರಲಿ. ಆ ಮೇಲಿನ ಕೆಂಪು ಡಬ್ಬಿ ತೆಗೆದುಕೊಡು. ಉಪ್ಪು ಕಮ್ಮಿ ಹಾಕಲ್ಲ ಇದಕ್ಕೆ. ಈ ಸಲ ಯಾರಿಗೆ ಹಾಕಿದೆ ಅಂತ ಕೇಳಿದರೆ, ನನಗೇ ಅಂತೀನಿ. ತುಂಬಿದ ಶೀಸೇನೇ ತರಲಿ.