ಟಾರ್ಚು ಹಿಡಿದವಳು

ಕೊನೇ ಬಸ್ಸು ಹಾನುಬಾಳಿನಲ್ಲಿ ಚಲುವಯ್ಯನನ್ನು ಇಳಿಸಿ ಹೋದಾಗ ಅಂಗಡಿಗಳೆಲ್ಲ ಹಲಗೆ ಹಾಕಿಕೊಂಡಿದ್ದವು. ದಾರಿಯಲ್ಲಿ ಟಯರು ಹೋಗಿ ಎರಡು ಗಂಟೆ ತಡ. ಹತ್ತೂವರೆಯೋ, ಹತ್ತೂ ಮುಕ್ಕಾಲೋ... ಅಷ್ಟೊತ್ತು. ಜೀಪಿಲ್ಲ, ಆಟೋ ಇಲ್ಲ. ಊರಿಗೆ ಒಂದೂವರೆ ಮೈಲಿ. ಸಕಲೇಶಪುರದ ಆಸ್ಪತ್ರೆಯಲ್ಲಿ ಎಡಗಾಲಿನ ಪ್ಲಾಸ್ಟರು ಬಿಚ್ಚಿಸಿಕೊಂಡು ಬಂದ ದಿನ ಅದು. ಕಂಕುಳಲ್ಲಿ ಊರುಗೋಲು. ಟಕ್... ಸರ್ರ್... ಟಕ್... ಸರ್ರ್... ಕೋಲು ಟಾರಿಗೆ ತಾಗಿದರೆ ಟಕ್. ಸೋತ ಕಾಲು ಎಳೆದರೆ ಸರ್ರ್. ಆ ಹೊತ್ತಿನಲ್ಲಿ ಆ ರಸ್ತೆಯ ಮೇಲೆ ಇದ್ದದ್ದು ಇವೆರಡೇ ಸದ್ದು.

ತೊಂಬತ್ತಾರನೇ ಇಸವಿ, ಏಪ್ರಿಲ್ ತಿಂಗಳು. ಚಲುವಯ್ಯ ನಮ್ಮ ಪಕ್ಕದ ಮನೆಯಲ್ಲಿದ್ದವನು. ಕತೆ ಕಟ್ಟುವ ಮನುಷ್ಯ ಅಲ್ಲವೇ ಅಲ್ಲ. ಒಂದು ಮಾತಿಗೆ ಇನ್ನೊಂದು ಸೇರಿಸಿ ಹೇಳಿದ್ದನ್ನು ನಾವು ಯಾರೂ ಕೇಳಿಲ್ಲ.

ಊರಿಗೆ ತಿರುಗುವ ಕಡೆ ಒಂದು ಬಸರಿ ಮರ, ಅದರ ಬುಡದಲ್ಲಿ ಹಳೇ ಬಾವಿ. ಅದನ್ನು ದಾಟಬೇಕು. ಬಾವಿಗೆ ಚಲುವಯ್ಯ ಹೆದರುತ್ತಿರಲಿಲ್ಲ. ಬಾವಿ ಪಕ್ಕ ತಂದು ನಿಲ್ಲಿಸಿದ್ದರಲ್ಲ, ಲಾರಿ... ಅದಕ್ಕೆ ಹೆದರುತ್ತಿದ್ದ.

ಅದು ಅವನೇ ಇಪ್ಪತ್ತು ವರ್ಷ ಓಡಿಸಿದ ಎಸ್ಟೇಟಿನ ಲಾರಿ. ಮುಂದೆ ಉದ್ದ ಮೂತಿ ಇದ್ದ ಹಳೇ ಕಾಲದ ಗಾಡಿ. ಫೆಬ್ರವರಿಯಲ್ಲಿ ಹಿಂದಿನ ಚಕ್ರದ ಹತ್ತಿರ ಬ್ರೇಕ್ ಪೈಪು ಸೋರಲು ಶುರುವಾಯಿತು. ಚಲುವಯ್ಯ ಗಾಡಿಯನ್ನು ಹಾನುಬಾಳಿನ ಶೆಡ್ಡಿಗೆ ಬಿಟ್ಟ. ಶೆಡ್ಡಿನ ಮೆಕ್ಯಾನಿಕ್ಕು ಗುಂಡಯ್ಯ, ಚಲುವಯ್ಯನ ತಂಗಿ ಕಮಲಮ್ಮನ ಗಂಡ. ಹೊರಗಿನವನಲ್ಲ.

"ಭಾವ, ಪೈಪು ಹೊಸದು ಹಾಕಿದ್ಯಾ?" ಅಂತ ಕೇಳಿಯೇ ಚಲುವಯ್ಯ ಗಾಡಿ ಹತ್ತಿದ್ದು.

ಗುಂಡಯ್ಯ ಕೈ ಒರೆಸಿಕೊಳ್ಳುತ್ತ ಹೇಳಿದ. "ಹೊಸದೇ ಹಾಕೀನಿ. ಕಣ್ಮುಚ್ಕಂಡು ಓಡ್ಸು ಭಾವ."

ಮಾರನೇ ದಿನ ಕಾಫಿ ಮೂಟೆ ಲೋಡು. ಎಸ್ಟೇಟಿನ ಕೂಲಿ ಲೈನಿನಲ್ಲಿದ್ದ ಚೌಡಮ್ಮ ಬಂದು, "ಡ್ರೈವರಣ್ಣ, ಹಾನುಬಾಳಿಗೆ ಬರ್ತೀನಿ, ಹತ್ತಿಸ್ಕೋ" ಅಂದಳು. ಹತ್ತಿಸಿಕೊಂಡ. ಹಿಂದೆ, ಮೂಟೆಗಳ ಮೇಲೆ ಕೂತಳು. ಎಸ್ಟೇಟಿನ ಇಳಿಜಾರಿನ ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯಿತು. ಎರಡನೇ ತಿರುವಿನಲ್ಲಿ ಒತ್ತಿದ... ಬೆಣ್ಣೆ ಮೇಲೆ ಕಾಲಿಟ್ಟ ಹಾಗೆ ಪೆಡಲು ಇಳಿದುಹೋಯಿತು. ಮತ್ತೆ ಒತ್ತಿದ. ಮತ್ತೆ. ಏನೂ ಇಲ್ಲ. ಮುಂದಿನ ಗಾಜಿನ ಜೊತೆಗೇ ಚಲುವಯ್ಯ ಹೊರಗೆ ಬಿದ್ದ. ಲಾರಿ ಮೂರು ಉರುಳು ಉರುಳಿತು. ಚೌಡಮ್ಮನನ್ನು ಮೂಟೆಗಳ ಅಡಿಯಿಂದ ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಚಲುವಯ್ಯನಿಗೆ ಎಚ್ಚರ ಬಂದದ್ದು ಮೂರನೇ ದಿನ. ಮಂಚದ ಪಕ್ಕ ಕೂತಿದ್ದ ಪೊಲೀಸಿನವನೇ ಹೇಳಿದ. "ಆ ಲಾರಿ ಆ ವಾರ ನನ್ ಶೆಡ್ಡಿಗೇ ಬಂದಿಲ್ಲ ಅಂತ ನಿನ್ ಭಾವ ಬರೆಸವ್ನೆ ಕಣಯ್ಯ. ಕುಡಿದು ಓಡಿಸ್ದೆ ಅಂತ ಕೇಸು."

ಚಲುವಯ್ಯ ನಂಬಲಿಲ್ಲ. ನಂಬೋದಾದರೂ ಹೇಗೆ? ಅಪ್ಪ ಅಮ್ಮ ಹೋದ ಮೇಲೆ ಕಮಲಮ್ಮನನ್ನು ಸಾಕಿದವನು ಅವನು. ಗುಂಡಯ್ಯನನ್ನು ಹುಡುಕಿ, ನೋಡಿ, ಧಾರೆ ಎರೆದು ಕೊಟ್ಟವನೂ ಅವನೇ. ಅವನ ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಇದ್ದ ದಿಕ್ಕು ಅಂದರೆ ಈ ತಂಗಿ. ಅವಳು ದಿನಾ ಗಂಜಿ ತರುತ್ತಿದ್ದಳು. ಒಂದು ದಿನ ಕೇಳಿಯೇ ಬಿಟ್ಟ.

"ನಿಜ ಹೇಳು ಕಮಲ. ಪೈಪು ಹಾಕಿದ್ನೋ ಇಲ್ವೋ?"

ಕಮಲಮ್ಮ ಅವನ ತಲೆ ಮೇಲೆ ಕೈ ಇಟ್ಟಳು. "ನಿನ್ನಾಣೆ ಅಣ್ಣ. ಹೊಸ ಪೈಪೇ ಹಾಕಿದ್ದು. ಪೊಲೀಸ್ನೋರಿಗೆ ಹೆದ್ರಿ ಏನೋ ಅಂದುಬುಟ್ಟವ್ರೆ."

ಆ ಆಣೆ ಚಲುವಯ್ಯನನ್ನು ತಿಂದಿತು. ಪೈಪು ಹೊಸದು ಅಂದ ಮೇಲೆ ತಪ್ಪು ಯಾರದು? ನನ್ನದೇ. ಗೇರು ಹಾಕಿದ್ದು ತಡ ಆಯ್ತೇನೋ... ಮಂಪರು ಹತ್ತಿತ್ತೇನೋ... ಹೀಗೆ ಎರಡು ತಿಂಗಳು ತನ್ನನ್ನೇ ಅಗಿದುಕೊಂಡು ಬದುಕಿದ. ಆಸ್ಪತ್ರೆಯಿಂದ ಬಿಟ್ಟ ಮೇಲೆ ತಂಗಿ ಮನೆಗೇ ಬಂದು ಸೇರಿದ. ಗುಂಡಯ್ಯನ ಪಕ್ಕದಲ್ಲೇ ಕೂತು ಉಂಡ.

ಲಾರಿಯನ್ನು ಕ್ರೇನಿನಲ್ಲಿ ಎತ್ತಿ ತಂದು ಬಾವಿ ಪಕ್ಕ ಹಾಕಿದ್ದರು. ಬ್ರೇಕ್ ಇನ್ಸ್‌ಪೆಕ್ಟರು ಬಂದು ನೋಡುವವರೆಗೂ ಯಾರೂ ಮುಟ್ಟಬಾರದು ಅಂತ ಹುಕುಂ. ಇವತ್ತು ಬರ್ತಾರೆ, ನಾಳೆ ಬರ್ತಾರೆ... ಎರಡು ತಿಂಗಳು ಬರಲೇ ಇಲ್ಲ. ಪ್ಲಾಸ್ಟರು ಬಿಚ್ಚಿಸಲು ಹೊರಟ ಬೆಳಗ್ಗೆ ಚಲುವಯ್ಯನೇ ತಂಗಿಗೆ ಹೇಳಿದ್ದ. "ನಾಳೆ ಬೆಳಗ್ಗೆ ಇನ್ಸ್‌ಪೆಕ್ಟ್ರು ಬರೋದು ಗ್ಯಾರಂಟಿಯಂತೆ. ತಪ್ಪು ನಂದೇ ಅಂದ್ರೆ ನಂದೇ. ಗೊತ್ತಾಗ್ಲಿ. ಇವತ್ತು ಬಸ್ಸು ತಪ್ಪಿದ್ರೆ ನಾನು ಅಲ್ಲೇ ಮಲಗಿ ಬರ್ತೀನಿ, ಕಾಯ್ಬೇಡಿ."

ಆದರೆ ಬಸ್ಸು ತಪ್ಪಲಿಲ್ಲ.

ಬಸರಿ ಮರ ಇನ್ನೂ ಐವತ್ತು ಅಡಿ ಇದೆ ಅನ್ನುವಾಗ ಜೀರುಂಡೆಗಳು ಸುಮ್ಮನಾದವು. ಎಲ್ಲ ಒಟ್ಟಿಗೇ. ಆ ಮೌನದೊಳಗಿಂದ ಒಂದು ಸದ್ದು ಬಂತು.

ಕಿರ್ರ್‌ಕ್... ಕಿರ್ರ್‌ಕ್... ಕಿರ್ರ್‌ಕ್...

ಕಬ್ಬಿಣ ಕೊಯ್ಯುವ ಗರಗಸ. ಇಪ್ಪತ್ತು ವರ್ಷ ಲಾರಿ ಜೊತೆ ಬದುಕಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಊರುಗೋಲನ್ನು ಎತ್ತಿ ಹಿಡಿದು, ಸದ್ದಾಗದ ಹಾಗೆ ಮರದ ಮರೆಗೆ ಬಂದ.

ಲಾರಿಯ ಅಡಿಯಲ್ಲಿ ಬೆಳಕು. ಎರಡು ಕಾಲು ಆಚೆ ಚಾಚಿವೆ. ಗ್ರೀಸು ಹತ್ತಿದ ಖಾಕಿ ಪ್ಯಾಂಟು... ಗುಂಡಯ್ಯ. ಅವನ ಪಕ್ಕದಲ್ಲಿ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿದಿದ್ದಾಳೆ. ತಲೆ ತುಂಬ ಸೆರಗು. ಮುಖ ಕಾಣುವುದಿಲ್ಲ.

"ಒಂಚೂರು ಮೇಲೆ ಹಿಡಿಯೇ ಕಮಲಾ..." ಅಡಿಯಿಂದ ಗುಂಡಯ್ಯ ಪಿಸುಗುಟ್ಟಿದ. "ಹಾಂ. ಹಂಗೆ."

ಕಮಲ.

ಚಲುವಯ್ಯ ಮರವನ್ನು ಹಿಡಿದುಕೊಂಡ. ಕಾಲು ಮುರಿದ ದಿನವೂ ಅಷ್ಟು ನೋವಾಗಿರಲಿಲ್ಲ ಅಂತ ಆಮೇಲೆ ನಮ್ಮಪ್ಪನ ಹತ್ತಿರ ಹೇಳಿದ್ದಾನೆ. ಭಾವ ಬೇರೆ ಮನೆಯಲ್ಲಿ ಹುಟ್ಟಿದವನು, ಹೋಗಲಿ. ಇವಳು? ನಾನೇ ಎತ್ತಿ ಆಡಿಸಿದವಳು?

ಹೆಂಗಸು ಕೇಳಿದಳು. ಬಹಳ ಸಣ್ಣ ದನಿ. "ಯಾವ್ದು ಅದು?"

"ಇದೇ. ಎಡಗಡೆ ಚಕ್ರದ ಪೈಪು. ಸೋರ್ತಿತ್ತು. ಸುತ್ತಿಗೇಲಿ ಬಡಿದು ಚಪ್ಪಟೆ ಮಾಡಿ ಬಾಯಿ ಮುಚ್ಚಿಬುಟ್ಟಿದ್ದೆ. ಒತ್ತಡ ಜಾಸ್ತಿಯಾಗಿ ಒಡ್ಕೊಂಡೈತೆ ನೋಡು. ನಾಳೆ ಇನ್ಸ್‌ಪೆಕ್ಟ್ರು ಕಣ್ಣಿಗೆ ಇದು ಬೀಳಬಾರ್ದು."

"ಹೊಸದು ಯಾಕ್ ಹಾಕ್ಲಿಲ್ಲ?"

"ಅವತ್ತು ವಾಲಿಬಾಲ್ ಮ್ಯಾಚಿತ್ತಲ್ಲ ಮಾರಾಯ್ತಿ, ನಾನೇ ಅಂಪೈರು. ಪೈಪಿಗೆ ಸಕಲೇಶಪುರಕ್ಕೆ ಹೋಗಿದ್ರೆ ಸಂಜೆ ಆಗೋದು. ಒಂದು ಲೋಡು ತಡ್ಕತದೆ ಅಂದ್ಕಂಡೆ."

ಕಿರ್ರ್‌ಕ್... ಕಿರ್ರ್‌ಕ್...

"ಡ್ರೈವರಣ್ಣಂಗೆ ಹೇಳ್ಬೋದಿತ್ತು."

"ಹೇಳಿದ್ರೆ ಗಾಡಿ ತೆಗೀತಿದ್ನಾ ಅವ್ನು? ಬುಡು ಅತ್ಲಾಗಿ. ಅವ್ನಿಗೇನು, ಹಿಂದಿಲ್ಲ ಮುಂದಿಲ್ಲ. ಒಳಗೆ ಹೋದ್ರೂ ಎರಡು ವರ್ಷ. ನಮಗೆ ಮಕ್ಕಳವ್ರೆ."

ಒಂದು ವಾಲಿಬಾಲ್ ಮ್ಯಾಚು... ಕೂಗಬೇಕು ಅಂದುಕೊಂಡ ಚಲುವಯ್ಯ.

ಅಷ್ಟರಲ್ಲಿ ಅಡಿಯಲ್ಲಿ ಪೈಪು ತುಂಡಾಯಿತು. ಟಿಣ್. ಅದರ ಹಿಂದೆಯೇ ಆ ಹೆಂಗಸು, ಅದೇ ಸಣ್ಣ ದನಿಯಲ್ಲಿ, ಸಿಟ್ಟಿಲ್ಲದೆ, ಯಾವುದೋ ಮರೆತದ್ದನ್ನು ನೆನಪಿಸುವ ಹಾಗೆ ಹೇಳಿದಳು.

"ಹಿಂದೆ ಮೂಟೆ ಮೇಲೆ ನಾನಿದ್ನಲ್ಲ ಅಣ್ಣ."

ಚಾಚಿದ್ದ ಎರಡು ಕಾಲು ಅಲ್ಲಾಡದೆ ನಿಂತವು.

"...ಕಮಲಾ?"

ಬಾವಿಯೊಳಗೆ ಎಲ್ಲೋ ಆಳದಲ್ಲಿ ಬುಳುಕ್ ಅಂತು. ಟಾರ್ಚು ಆರಲಿಲ್ಲ. ನಿಧಾನಕ್ಕೆ ತಿರುಗಿತು. ಲಾರಿಯ ಅಡಿಯಿಂದ ಹುಲ್ಲಿಗೆ, ಹುಲ್ಲಿನಿಂದ ಮರದ ಬುಡಕ್ಕೆ... ಅಲ್ಲಿಂದ ಮೇಲೆ ಹತ್ತಿ ಚಲುವಯ್ಯನ ಮುಖದ ಮೇಲೆ ಬಿತ್ತು. ಬೆಳಕಿನ ಹಿಂದೆ ಏನೂ ಕಾಣಲಿಲ್ಲ. ಗಾಜಿನ ಬಳೆ ಗಿಲ್ ಅಂದದ್ದು ಕೇಳಿಸಿತು, ಅಷ್ಟೇ.

"ಹೋಗು ಡ್ರೈವರಣ್ಣ," ಅಂದಳು. "ಮನೆಗೆ ಹೋಗು."

ಅವನನ್ನು ಹಾಗೆ ಕರೆಯುತ್ತಿದ್ದವರು ಲೈನಿನ ಹೆಂಗಸರು. ತಂಗಿ ಅಲ್ಲ. ಆಗ ಹೊಳೆಯಿತು ಅವನಿಗೆ. ಊರುಗೋಲು ಕೈಬಿಟ್ಟುಹೋಯಿತು. ಓಡಿದ. ಬಿದ್ದ, ಎದ್ದ, ತೆವಳಿದ, ಮತ್ತೆ ಓಡಿದ. ಹಿಂದೆ ಗುಂಡಯ್ಯ ಕಿರುಚಿದ್ದು ಕೇಳಿಸಿತು. ಒಂದೇ ಸಲ. ಆಮೇಲೆ ಡಬ್ ಅಂತ ತಗಡಿನ ಸದ್ದು.

ಅಷ್ಟು ಹೆದರಿಕೆಯಲ್ಲೂ ಅವನ ಎದೆಯಲ್ಲಿ ಇದ್ದದ್ದು ಒಂದೇ ಪ್ರಾರ್ಥನೆ. ಅದು ಕಮಲ ಅಲ್ಲ... ಹಾಗಾದ್ರೆ ಕಮಲ ಮನೇಲಿರಲಿ. ದೇವರೇ, ಅವಳು ಮನೇಲಿರಲಿ. ಅವಳಿಗೆ ಇದೇನೂ ಗೊತ್ತಿಲ್ಲದೇ ಇರಲಿ.

ಮನೆ ಕತ್ತಲೆಯಾಗಿತ್ತು. ಬಾಗಿಲು ಬಡಿದ. ಮಾತಾಡಲು ಉಸಿರಿರಲಿಲ್ಲ. ಒಳಗೆ ಚಿಲಕ ತೆಗೆದ ಸದ್ದು. ಬಾಗಿಲು ಒಂದು ಗೇಣು ತೆರೆಯಿತು. ಕಮಲಮ್ಮನೇ. ಅವಳ ಉಸಿರು, ಅವಳ ತಲೆಗೆ ಹಚ್ಚುವ ಎಣ್ಣೆಯ ವಾಸನೆ. ಇದ್ದಾಳೆ! ಮನೆಯಲ್ಲೇ ಇದ್ದಾಳೆ! ಎರಡು ತಿಂಗಳಿಂದ ಕಾಣದ ಒಂದು ಸುಖ ಚಲುವಯ್ಯನ ಎದೆಗೆ ಬಂತು. ಕಣ್ಣು ತುಂಬಿತು.

ಕತ್ತಲಲ್ಲಿ ಕಮಲಮ್ಮ ಪಿಸುಗುಟ್ಟಿದಳು.

"ಸಿಕ್ತಾ ರೀ?"

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಪೈಪು ಸಿಕ್ತಾ ಅಂತ ಕೇಳ್ದೆ. ಬಯ್ಬೇಡಿ... ಟಾರ್ಚ್ ಹಿಡಿಯಕ್ಕೆ ಬರ್ಬೇಕು ಅಂತಲೇ ಇದ್ದೆ. ಹಿತ್ಲು ದಾಟೋದ್ರೊಳಗೆ ಹೆದ್ರಿಕೆ ಆಗಿ ವಾಪಸ್ ಬಂದ್ಬುಟ್ಟೆ."

"ನಾನು ಕಮಲ," ಅಂದ ಚಲುವಯ್ಯ.

ಬಾಗಿಲು ಪೂರ್ತಿ ತೆರೆಯಿತು. ಆಮೇಲೆ, "ಅಣ್ಣ... ಬಸ್ಸು ತಪ್ಪಿ ನೀನು ಅಲ್ಲೇ ಉಳ್ಕಂಡೆ ಅಂದ್ಕಂಡಿದ್ವಲ್ಲ..."

"ನೀನು ಅಲ್ಲಿಗೆ ಹೋಗ್ಲೇ ಇಲ್ವಾ?"

"ಇಲ್ಲಣ್ಣ."

"ಹಂಗಾರೆ ನಿನ್ ಗಂಡಂಗೆ ಟಾರ್ಚ್ ಹಿಡಿದಿರೋಳು ಯಾರು?"

ಕಮಲಮ್ಮ ಕೂಗಿಕೊಂಡ ಸದ್ದಿಗೇ ನಾವೆಲ್ಲ ಎದ್ದದ್ದು. ನಮ್ಮಪ್ಪ ಗ್ಯಾಸ್‌ಲೈಟು ಹಚ್ಚಿಕೊಂಡು ಮುಂದೆ ಹೋದರು. ಹಿಂದೆ ಏಳೆಂಟು ಜನ. ಬಾವಿ ಹತ್ತಿರ ಹೋಗುವಾಗಲೇ ಕೇಳಿಸುತ್ತಿತ್ತು. ಡಬ್... ಡಬ್... ಡಬ್... ಒಳಗಿಂದ ಯಾರೋ ತಗಡು ಬಡಿಯುತ್ತಿದ್ದಾರೆ. ಲಾರಿಯ ಅಡಿಯಲ್ಲಿ ಗುಂಡಯ್ಯನ ಚಪ್ಪಲಿ, ಗರಗಸ. ಟಾರ್ಚು ಬಾವಿಕಟ್ಟೆಯ ಮೇಲೆ ನೆಟ್ಟಗೆ ಇಟ್ಟಿತ್ತು, ಉರಿಯುತ್ತಲೇ ಇತ್ತು. ಗುಂಡಯ್ಯ ಮಾತ್ರ ಲಾರಿಯ ಕ್ಯಾಬಿನ್ನಿನೊಳಗಿದ್ದ. ಸೀಟಿಗೂ ಚಾವಣಿಗೂ ನಡುವೆ ಮಡಚಿಕೊಂಡು, ಕೈಯಲ್ಲಿ ಆ ಚಪ್ಪಟೆ ಪೈಪನ್ನು ಬಿಗಿ ಹಿಡಿದುಕೊಂಡು, "ಹೇಳ್ತೀನಿ... ಎಲ್ಲಾ ಹೇಳ್ತೀನಿ ಕಣವ್ವ..." ಅಂತ ಒಂದೇ ಸಮನೆ ಒದರುತ್ತಿದ್ದ.

ಹೇಳಿದ. ಬೆಳಗ್ಗೆ ಇನ್ಸ್‌ಪೆಕ್ಟರು, ಪೊಲೀಸು, ಇಡೀ ಊರು ನಿಂತು ಕೇಳಿತು. ಪೈಪು ಅವರ ಕೈಗೆ ಹೋಯಿತು. ಚಲುವಯ್ಯನ ಮೇಲಿದ್ದ ಕೇಸು ಬಿದ್ದುಹೋಯಿತು, ಆ ಜಾಗಕ್ಕೆ ಗುಂಡಯ್ಯ ಬಂದ. ಗೆದ್ದವನ ಹಾಗೆ ಚಲುವಯ್ಯ ಒಂದು ದಿನವೂ ಇರಲಿಲ್ಲ. ಅವತ್ತೇ ತನ್ನ ಎರಡು ಅಂಗಿ, ಒಂದು ಕಂಬಳಿ ಸುತ್ತಿಕೊಂಡು ಎಸ್ಟೇಟಿನ ಹಳೇ ಸ್ಟೋರಿಗೆ ಹೋಗಿ ಸೇರಿದ. ಸ್ಟೇರಿಂಗು ಮತ್ತೆ ಮುಟ್ಟಲಿಲ್ಲ. ವರ್ಷಕ್ಕೊಮ್ಮೆ ಚೌಡಮ್ಮನ ಹೆಸರಲ್ಲಿ ಎಡೆ ಇಡುತ್ತಿದ್ದ.

ಕಮಲಮ್ಮ ಮೂರು ಸಲ ಅಲ್ಲಿಗೂ ಗಂಜಿ ತೆಗೆದುಕೊಂಡು ಹೋದಳು. ಮೂರನೇ ಸಲ ಬಾಗಿಲಲ್ಲೇ ಅತ್ತಳು. "ಗಂಡನ್ನ ಬಿಟ್ಟುಕೊಡಕ್ಕಾಗ್ತದಾ ಅಣ್ಣ? ನಾನೇನ್ ಮಾಡ್ಬೇಕಿತ್ತು, ನೀನೇ ಹೇಳು."

"ಸುಮ್ನಿದ್ದಿದ್ರೆ ಸಾಕಿತ್ತು," ಅಂದ ಚಲುವಯ್ಯ. "ನನ್ ತಲೆ ಮೇಲೆ ಕೈ ಇಕ್ಕಬಾರ್ದಿತ್ತು."

ಆಮೇಲೆ ಅವರಿಬ್ಬರೂ ಮಾತಾಡಿದ್ದನ್ನು ಊರು ನೋಡಿಲ್ಲ.

ಗುಂಡಯ್ಯನೇ ನಾಟಕ ಮಾಡಿದ, ಹೆದರಿ ತಾನೇ ಕ್ಯಾಬಿನ್ನಿಗೆ ನುಗ್ಗಿ ಕೂತ ಅಂತ ಈಗ ಕೆಲವರು ಹೇಳುತ್ತಾರೆ. ಹೇಳಲಿ. ಅವರು ಅಲ್ಲಿರಲಿಲ್ಲ. ನಾನಿದ್ದೆ. ಲಾರಿ ಉರುಳಿದಾಗಲೇ ಎರಡೂ ಬಾಗಿಲು ಕಿಟಕಿ ಸಮೇತ ನಜ್ಜುಗುಜ್ಜಾಗಿ ಬಾಡಿಗೆ ಕಚ್ಚಿಕೊಂಡಿದ್ದವು. ಆರು ಜನ ಹಾರೆ ಹಾಕಿ ಮೀಟಿದರೂ ಅಲ್ಲಾಡಲಿಲ್ಲ. ಮುಂದೆ ಗಾಜಿದ್ದ ಜಾಗ ಚಪ್ಪಟೆಯಾಗಿ ಉಳಿದದ್ದು ನಾಲ್ಕು ಬೆರಳು ಸಂದಿ. ಸಕಲೇಶಪುರದಿಂದ ಗ್ಯಾಸ್ ಕಟ್ಟರಿನವರು ಬಂದು, ಚಾವಣಿ ಕೊಯ್ದು ಅವನನ್ನು ಎತ್ತಿದಾಗ ಹಗಲು ಹನ್ನೊಂದು ಗಂಟೆ.

ಅಲ್ಲಿಯವರೆಗೂ ಅವನು ನೀರು, ನೀರು ಅನ್ನುತ್ತಿದ್ದ. ನಮ್ಮಮ್ಮ ಲೋಟದಲ್ಲಿ ತಂದರು. ಲೋಟ ಆ ಸಂದಿಯಲ್ಲಿ ಹೋಗಲಿಲ್ಲ. ಮನೆಗೆ ವಾಪಸ್ ಹೋಗಿ ಚಮಚ ತಂದು, ಅದರಲ್ಲಿ ಕುಡಿಸಿದರು.