ಬೆಂಚು ಕೊಟ್ಟವರ ಅಂಗಡಿ

ಸಂಪಿಗೆ ರಸ್ತೆಯ ಬಸ್‌ಸ್ಟಾಪಿನಲ್ಲಿ ಆಂಡಾಳಮ್ಮ ಸೊಪ್ಪಿನ ಚೀಲ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಎದುರಿನ ದೊಡ್ಡ ಬಟ್ಟೆ ಅಂಗಡಿಯ ಕಪ್ಪು ಯೂನಿಫಾರ್ಮಿನಲ್ಲಿ ಇಬ್ಬರು ಹುಡುಗಿಯರು ಬಂದು ಕಂಬಕ್ಕೆ ಒರಗಿ ನಿಂತರು. ಒಬ್ಬಳು ತನ್ನ ಫೋನನ್ನು ಇನ್ನೊಬ್ಬಳ ಮುಖದೆದುರು ಹಿಡಿದಳು.

“ನೋಡೇ ರಕ್ಷಿತಾ, ನಮ್ ಕಂಪನಿಯವ್ರು ಸ್ಕೂಲಿಗೆ ಬೆಂಚ್ ಕೊಟ್ಟಿದ್ ಫೋಟೋ ಹಾಕವ್ರೆ. ಇನ್ಮೇಲೆ ಯಾವ ಮಗೂನೂ ನೆಲದ ಮೇಲೆ ಕೂರಬಾರದಂತೆ.”

“ನೀನೆಲ್ಲಿದೀಯ ನೇತ್ರಾ?”

“ಬ್ಯಾನರ್ ಹಿಡ್ಕೊಂಡಿರೋದು ನಾನೇ. ಮುಖ ಕಾಣಲ್ಲ ಬಿಡು.”

“ಬೆಂಚ್ ಮೇಲೆ ಕೂತ್ಯಾ?”

“ಕೂತೆ ಕಣೇ, ಕಾಲು ಬಾತ್ಕೊಂಡಿತ್ತು. ಮ್ಯಾನೇಜರ್ ಓಡ್ಬಂದು ಎಬ್ಬಿಸ್ದ. ಇದು ಮಕ್ಕಳಿಗೆ ಅಂದ.”

“ಅಂಗಡೀಲಿ ಸೋಫಾ ಕಸ್ಟಮರ್‌ಗೆ ಅಂತಾನೆ.”

“ಒಂದ್ ಸ್ಟೂಲಾದ್ರೂ ಹಾಕ್ಸಿ ಅಂದ್ರೆ, ನಿಂತಿದ್ರೇನೇ ಲಕ್ಷಣ ಅಂತಾನೆ. ಥೂ!”

“ಇವತ್ತು ಶೋಭಕ್ಕಂಗೆ ಬೈದಿದ್ದು ಯಾಕೆ?”

“ಎಂಟು ತಿಂಗಳ ಬಸುರಿ ಅಲ್ವೇನೇ, ನಿಲ್ಲಕ್ಕಾಗ್ಲಿಲ್ಲ. ಟ್ರಯಲ್ ರೂಮಲ್ಲಿ ಬಾಗ್ಲು ಹಾಕ್ಕೊಂಡು ನೆಲದ ಮೇಲೆ ಕೂತ್ಬಿಟ್ಟಿದ್ಲು. ಅದೇ ತಪ್ಪಾಯ್ತು.”

ಆಂಡಾಳಮ್ಮನಿಗೆ ಎದುರಿಗೆ ದೀಪ ಹೊತ್ತಿ ಝಗಮಗಿಸುತ್ತಿದ್ದ ಆ ಅಂಗಡಿಯತ್ತ ನೋಡಲೂ ಹೇಸಿಗೆಯೆನಿಸಿ, ಚೀಲವನ್ನು ಮಡಿಲಿಗೆಳೆದುಕೊಂಡು ಪಕ್ಕಕ್ಕೆ ಸರಿದರು.

“ಬಾಮ್ಮ, ನೀನಾದ್ರೂ ಇಲ್ಲಿ ಕೂತ್ಕೋ.”

ನೇತ್ರಾ ಒಮ್ಮೆ ಅಂಗಡಿಯ ಬಾಗಿಲ ಕಡೆ ತಿರುಗಿ ನೋಡಿದಳು.

“ಬೇಡ ಆಂಟಿ. ಯೂನಿಫಾರ್ಮಲ್ಲಿದೀವಿ.”

ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ಆಂಡಾಳಮ್ಮನ ಪಕ್ಕದ ಜಾಗ ಖಾಲಿಯೇ ಉಳಿಯಿತು.