ಉತ್ತರಾಣಿಗೆ ಹೇಳಿದ ಹೆಸರು

ಶಿವಾಜಿನಗರ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಅವರಾಚೆ ಲ್ಯಾಬ್ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ ಮೊಮ್ಮಗಳು.

“ನೀನು ಕಿತ್ಕೊಟ್ಟ ಉತ್ತರಾಣಿ ಸೊಪ್ಪು ಟೆಸ್ಟ್ ಮಾಡಿದ್ವಿ ಅಜ್ಜಿ. ನಾವು ಆರು ಜನ ನಮ್ನಮ್ಮ ಕೈಯಿಂದಾನೇ ಕ್ರಿಮಿ ತೆಗೆದು ಆರು ಗಾಜಿನ ತಟ್ಟೇಲಿ ಬೆಳೆಸಿದ್ವಿ. ಎಲ್ಲಕ್ಕೂ ಅದೇ ರಸ ಹಾಕಿದ್ವಿ.”

“ಕ್ರಿಮಿ ಸತ್ವಾ?”

“ಐದು ತಟ್ಟೇಲಿ ಏನೂ ಆಗ್ಲಿಲ್ಲ. ನಂದು ಮಾತ್ರ ತೊಳ್ದಿಟ್ಟಂಗಿತ್ತು. ಮೂರು ಸಲ ಮಾಡಿದ್ರೂ ಹಂಗೇ.”

ಅಜ್ಜಿ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

“ಕೀಳೋವಾಗ ರೋಗಿ ಹೆಸರು ಹೇಳ್ಬೇಕು ಯಮುನಾ. ಇಲ್ದಿದ್ರೆ ಗಿಡ ಕೆಲಸ ಮಾಡಲ್ಲ.”

“ಗೊತ್ತು. ಯಾರ ಹೆಸರು ಹೇಳ್ದೆ?”

“ಪಕ್ಕದ್ಮನೆ ಕೆಂಪರಾಜನ ಹೆಸರು ಹೇಳೋಣ ಅಂತ ಹೋದೆ, ಅವನ ಕಾಲು ಹುಣ್ಣಾಗಿದೆ. ಬಗ್ಗಿದ್ರೆ ಬಾಯಿಗೆ ನಿನ್ನ ಹೆಸರು ಬಂತು.”

“ನಂಗೇನೂ ಆಗಿಲ್ವಲ್ಲ ಅಜ್ಜಿ.”

“ನಾನೂ ಗಿಡಕ್ಕೆ ಅದನ್ನೇ ಹೇಳ್ದೆ.”

ಕಗ್ಗದಾಸಪುರದ ಬಸ್ ಬಂತು. ಅಜ್ಜಿ ಎದ್ದು, ಮೊಮ್ಮಗಳ ಮಣಿಕಟ್ಟು ಹಿಡಿದುಕೊಂಡೇ ಹತ್ತಿದರು. ನಾಡಿ ನೋಡುವವರು ಹಿಡಿಯುವ ಹಾಗೆ, ಮೂರು ಬೆರಳಲ್ಲಿ.